ಪೆನ್ನಿ ಬ್ಲ್ಯಾಕ್ ಆಮೇಲೆ, ಮೊದಲು ಪೆನ್ನಿ ರೆಡ್: ವಿಕ್ಟೋರಿಯಾ ರಾಣಿ ಮುಖದ ಹಳೇ ಸ್ಟ್ಯಾಂಪ್ ಕೂಡಿಸೋರಿಗೆ ಪೂರ್ತಿ ಗೈಡ್

ಸ್ಟ್ಯಾಂಪ್ ಹುಚ್ಚು ಸ್ವಲ್ಪ ಹತ್ತಿದ ಎಲ್ರಿಗೂ ಒಂದಲ್ಲ ಒಂದು ದಿನ ಪೆನ್ನಿ ಬ್ಲ್ಯಾಕ್ ಆಸೆ ಬಂದೇ ಬರುತ್ತೆ. 1840ರಲ್ಲಿ ಬ್ರಿಟನ್‌ನಲ್ಲಿ ಬಂದ ಪ್ರಪಂಚದ ಮೊಟ್ಟಮೊದಲ ಅಂಚೆಚೀಟಿ, ಅದರ ಮೇಲೆ ವಿಕ್ಟೋರಿಯಾ ರಾಣಿ ಮುಖ, ಅಷ್ಟು ಹಳೇ ವಸ್ತು ನಮ್ಮ ಕೈಗೂ ಸಿಗುತ್ತೆ ಅಂದ್ರೆ ಯಾರಿಗೆ ಬೇಡ ಹೇಳಿ. ಆದ್ರೆ ಹೊಸಬರು ಕೂಡಿಟ್ಟ ದುಡ್ಡೆಲ್ಲ ಮೊದಲು ಅದಕ್ಕೇ ಸುರಿಯೋದು ನನಗೆ ಸರಿ ಅನ್ಸಲ್ಲ. ಅದೇ ರಾಣಿ, ಅದೇ ಡಿಸೈನ್, ಅದೇ ಪ್ರಿಂಟರ್, ಬರೀ ಬಣ್ಣ ಬದಲಾಗಿ 1841ರಿಂದ ಪೆನ್ನಿ ರೆಡ್ ಅಂತ ಬಂತಲ್ಲ, ಅದನ್ನ ಒಂದು ಹಿಡಿ ಕೊಂಡು ಕೂತು ಓದೋದು ಕಲೀರಿ. ಒಂದು ಸ್ಟ್ಯಾಂಪ್ ನೋಡಿ ಅದು ಹಾಳೆಯ ಯಾವ ಜಾಗದಲ್ಲಿತ್ತು, ಯಾವ ಪ್ಲೇಟಿಂದ (ಹಾಳೆ ಪ್ರಿಂಟ್ ಮಾಡೋ ಉಕ್ಕಿನ ಹಲಗೆ) ಬಂತು, ಯಾವ ಊರಲ್ಲಿ ಸೀಲು ಬಿತ್ತು ಅಂತ ಹೇಳೋಕೆ ಬಂದ ಮೇಲೆ ಪೆನ್ನಿ ಬ್ಲ್ಯಾಕ್‌ಗೆ ಕೈ ಹಾಕಿದ್ರೆ ದುಡ್ಡೂ ಉಳಿಯುತ್ತೆ, ಖುಷಿನೂ ಜಾಸ್ತಿ.

ಇನ್ನೊಂದು ವಿಷಯ ಗೊತ್ತಿರಲಿ, ಪೆನ್ನಿ ಬ್ಲ್ಯಾಕ್ ಅಷ್ಟೇನೂ ಅಪರೂಪದ ಸ್ಟ್ಯಾಂಪ್ ಅಲ್ಲ. 6.8 ಕೋಟಿಗೂ ಹೆಚ್ಚು ಪ್ರಿಂಟ್ ಆಗಿದ್ದು, ಇವತ್ತಿಗೂ ಹರಾಜುಗಳಲ್ಲಿ ಸಾಲುಸಾಲಾಗಿ ಬರುತ್ತೆ. ಕಷ್ಟ ಇರೋದು ಚೆನ್ನಾಗಿರೋದು ಸಿಗೋದ್ರಲ್ಲಿ, ಮತ್ತೆ ಚೆನ್ನಾಗಿದೆ ಅಂತ ಗುರುತಿಸೋ ಕಣ್ಣು ಬೆಳೆಸ್ಕೊಳ್ಳೋದ್ರಲ್ಲಿ.

ಮೊದಲು ಆ ಮುಖದ ಕಥೆ

ಇದನ್ನ ಬಿಟ್ಟು ಸೀದಾ ಖರೀದಿಗೆ ಹೋಗಬೇಡಿ, ಯಾಕಂದ್ರೆ ಮುಂದೆ ಮಾಡೋ ಅರ್ಧ ಕೆಲಸ ಆ ಮುಖ ನೋಡೋದೇ.

1840ಕ್ಕೆ ಮುಂಚೆ ಬ್ರಿಟನ್‌ನಲ್ಲಿ ಕಾಗದ ಎಷ್ಟು ದೂರ ಹೋಗುತ್ತೆ, ಒಳಗೆ ಎಷ್ಟು ಹಾಳೆ ಇದೆ ಅಂತ ಲೆಕ್ಕ ಹಾಕಿ ದುಡ್ಡು ವಸೂಲಿ ಮಾಡ್ತಿದ್ರು, ಅದನ್ನ ಹೆಚ್ಚಾಗಿ ಕಾಗದ ತಗೊಳ್ಳೋರೇ ಕೊಡಬೇಕಿತ್ತು. ರೋಲಂಡ್ ಹಿಲ್ ಹೋರಾಡಿ ಇದನ್ನ ಬದಲಾಯಿಸಿದ್ರು, 1840ರ ಜನವರಿ 10ರಿಂದ ಅರ್ಧ ಔನ್ಸ್ ಒಳಗಿನ ಕಾಗದಕ್ಕೆ ದೇಶದ ಯಾವ ಮೂಲೆಗಾದ್ರೂ ಒಂದೇ ಪೆನ್ನಿ ಅಂತಾಯ್ತು. ಮುಂಚೆನೇ ದುಡ್ಡು ಕಟ್ಟಿದೀವಿ ಅಂತ ತೋರಿಸೋ ಗುರುತು ಹೇಗಿರಬೇಕು ಅಂತ ಖಜಾನೆ ಇಲಾಖೆ 1839ರಲ್ಲಿ ಸ್ಪರ್ಧೆ ಇಟ್ಟಾಗ 2,600ಕ್ಕೂ ಹೆಚ್ಚು ಸಲಹೆ ಬಂದ್ವು. ಅದರಲ್ಲಿ ಬೆಂಜಮಿನ್ ಚೆವರ್ಟನ್ ಅನ್ನೋರು ಹೇಳಿದ್ದು ನನಗೆ ಬಹಳ ಇಷ್ಟ: ಮನುಷ್ಯನ ಕಣ್ಣು ಮುಖ ನೋಡಿ ನೋಡಿ ಪಳಗಿರುತ್ತೆ, ಹಾಗಾಗಿ ಸ್ಟ್ಯಾಂಪ್ ಮೇಲೆ ಒಂದು ಹೆಣ್ಣಿನ ಮುಖ ಹಾಕಿದ್ರೆ ಖೋಟಾ ಮಾಡಿದವನ ಚೂರು ವ್ಯತ್ಯಾಸನೂ ತಕ್ಷಣ ಕಣ್ಣಿಗೆ ಬೀಳುತ್ತೆ ಅಂತ. ಅಂದ್ರೆ ರಾಣಿ ಮುಖ ಅಲ್ಲಿ ಕೂತಿದ್ದು ಗೌರವಕ್ಕೂ ಹೌದು, ಕಾವಲಿಗೂ ಹೌದು. ನಾವು ಇವತ್ತು ಡೈ (ಪ್ಲೇಟ್ ಮಾಡೋಕೆ ಬಳಸೋ ಮೂಲ ಕೆತ್ತನೆ) ಬೇರೆ ಮಾಡೋವಾಗ, ನಕಲಿ ಹಿಡಿಯೋವಾಗ ಮಾಡೋದೂ ಇದನ್ನೇ.

ಮುಖ ಬಂದಿದ್ದು ಒಂದು ಪದಕದಿಂದ. ರಾಣಿ ಆದ ಹೊಸದ್ರಲ್ಲಿ, 1837ರ ನವೆಂಬರ್‌ನಲ್ಲಿ ವಿಕ್ಟೋರಿಯಾ ಲಂಡನ್ ಸಿಟಿಗೆ ಭೇಟಿ ಕೊಟ್ಟಿದ್ದರ ನೆನಪಿಗೆ ವಿಲಿಯಂ ವಯನ್ ಮಾಡಿದ ಪದಕ ಅದು, ಅದಕ್ಕೆ ಆಧಾರ ಆಕೆ 15 ವರ್ಷದ ಹುಡುಗಿ ಆಗಿದ್ದಾಗಿನ ರೂಪ. ಅದನ್ನ ನೋಡಿ ಹೆನ್ರಿ ಕಾರ್ಬೋಲ್ಡ್ ಚಿತ್ರ ಬರೆದ್ರು, ಚಾರ್ಲ್ಸ್ ಹೀತ್ ಮತ್ತೆ ಅವರ ಮಗ ಫ್ರೆಡರಿಕ್ ಉಕ್ಕಿನ ಮೇಲೆ ಕೆತ್ತಿದ್ರು, ಪರ್ಕಿನ್ಸ್ ಬೇಕನ್ ಕಂಪನಿ ಪ್ರಿಂಟ್ ಮಾಡ್ತು. ಆಮೇಲೆ ರಾಣಿಗೆ ಮದುವೆ ಆಯ್ತು, ಮಕ್ಕಳು ಮೊಮ್ಮಕ್ಕಳಾದ್ರು, ಗಂಡ ತೀರ್ಕೊಂಡ್ರು, ಕೂದಲು ಬೆಳ್ಳಗಾಯ್ತು, ಆದ್ರೆ 1901ರಲ್ಲಿ ಆಕೆ ಸಾಯೋವರೆಗೂ ಬ್ರಿಟನ್ ಸ್ಟ್ಯಾಂಪ್‌ಗಳ ಮೇಲೆ ಎಳೇ ವಯಸ್ಸಿನ ಮುಖನೇ ಇತ್ತು.

ಸ್ಟ್ಯಾಂಪ್ ಮೇಲೆ ದೇಶದ ಹೆಸರು ಹುಡುಕಬೇಡಿ, ಇಲ್ಲ. ರಾಣಿ ತಲೆನೇ ದೇಶದ ಹೆಸರು.

ಹಂತ 1: ಸಾಮಾನು ಜೋಡಿಸ್ಕೊಳ್ಳೋದು

ಜಾಸ್ತಿ ಏನೂ ಬೇಡ. ಚಪ್ಪಟೆ ತುದಿಯ ಸ್ಟ್ಯಾಂಪ್ ಚಿಮುಟ, 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್, ಪರ್ಫೊರೇಷನ್ ಗೇಜ್ (ಸ್ಟ್ಯಾಂಪ್ ಅಂಚಿನ ಹಲ್ಲು ಅಳೆಯೋ ಪಟ್ಟಿ), ಸ್ಟ್ಯಾಂಪ್ ಸಿಕ್ಕಿಸಿಡೋಕೆ ಕಪ್ಪು ಪುಟದ ಒಂದು ಸ್ಟಾಕ್‌ಬುಕ್, ವಾಟರ್‌ಮಾರ್ಕ್ (ಕಾಗದದ ಒಳಗೇ ಇರೋ ತೆಳು ಗುರುತು) ನೋಡೋಕೆ ಒಂದು ಪುಟ್ಟ ಕಪ್ಪು ತಟ್ಟೆ. ವಾಟರ್‌ಮಾರ್ಕ್ ಸುಮಾರು ಸ್ಟ್ಯಾಂಪ್‌ಗಳಲ್ಲಿ ಬೋರಲು ಹಾಕಿ ಓರೆ ಬೆಳಕಲ್ಲಿ ನೋಡಿದ್ರೇ ಕಾಣುತ್ತೆ, ಕಾಣದೇ ಇದ್ರೆ ಮಾತ್ರ ವಾಟರ್‌ಮಾರ್ಕ್ ಫ್ಲೂಯಿಡ್ ಒಂದೆರಡು ಹನಿ ಬಿಡಿ. ಅದು ಬೇಗ ಬೆಂಕಿ ಹತ್ತೋ ವಸ್ತು, ಕಿಟಕಿ ತೆಗೆದಿಟ್ಟು ಮಾಡಿ, ದೇವರ ದೀಪ, ಗ್ಯಾಸ್ ಒಲೆ ಹತ್ರ ಬೇಡವೇ ಬೇಡ.

ಪುಸ್ತಕ ಅಂತ ಬೇಕಾಗೋದು ಸ್ಟ್ಯಾನ್ಲಿ ಗಿಬ್ಬನ್ಸ್ ಕ್ಯಾಟಲಾಗ್. ಇತ್ತೀಚಿನದೇ ಬೇಕು ಅಂತಿಲ್ಲ, ಹಳೇ ಎಡಿಷನ್ ಅಗ್ಗಕ್ಕೆ ಸಿಕ್ಕಿದ್ರೆ ತಗೊಳ್ಳಿ, ಬೆಲೆ ಹಳೇದಾಗಿರುತ್ತೆ ಅಷ್ಟೇ, ಡೈ, ವಾಟರ್‌ಮಾರ್ಕ್, ಪ್ಲೇಟ್ ವಿವರ ಏನೂ ಬದಲಾಗಲ್ಲ. ಮತ್ತೆ ಕ್ಯಾಟಲಾಗ್ ಬೆಲೆ ಮಾರ್ಕೆಟ್ ರೇಟ್ ಅಲ್ಲ, ಅದು ಒಳ್ಳೇ ಕಂಡೀಷನ್ ಇರೋ ಸ್ಟ್ಯಾಂಪ್‌ಗೆ ದೊಡ್ಡ ಡೀಲರ್ ಹಾಕೋ ರೇಟು. ಮೂಲೆ ಮುರಿದ ಸ್ಟ್ಯಾಂಪ್ ಪಕ್ಕ ಕ್ಯಾಟಲಾಗ್ ಬೆಲೆ ಬರೆದು ಮಾರೋರನ್ನ ನಂಬಬೇಡಿ.

ಹಂತ 2: ಮೊದಲ ಖರೀದಿ

ನಾಲ್ಕೂ ಮೂಲೆಲಿ ಅಕ್ಷರ ಇರೋ ಪೆನ್ನಿ ರೆಡ್‌ಗಳ ಮಿಕ್ಸ್ ಲಾಟ್ ಒಂದು ತಗೊಳ್ಳಿ, ವಿಂಗಡಿಸದೇ ಇರೋದು, ಯೂಸ್ಡ್. ಬಿಡಿಯಾಗಿ ನೋಡಿದ್ರೆ ಸಾಮಾನ್ಯ ಪ್ಲೇಟ್‌ಗಳು ಬಹಳ ಅಗ್ಗ, ಯಾಕಂದ್ರೆ ಪೆನ್ನಿ ರೆಡ್ ಎಲ್ಲಾ ಸೇರಿ 2,100 ಕೋಟಿಯಷ್ಟು ಪ್ರಿಂಟ್ ಆಗಿದೆ. ಈ ಲಾಟ್ ಇರೋದು ಕಲಿಯೋಕೆ, ಹಾಗಾಗಿ ಸ್ವಲ್ಪ ಹರಿದಿದ್ರೂ ಸೀಲು ದಪ್ಪ ಇದ್ರೂ ಪರವಾಗಿಲ್ಲ.

ಕೊಳ್ಳೋ ಮುಂಚೆ ಮಾರೋರ ಭಾಷೆ ಗೊತ್ತಿರಬೇಕು. ಫೋರ್ ಮಾರ್ಜಿನ್ ಅಂದ್ರೆ ನಾಲ್ಕೂ ಕಡೆ ಡಿಸೈನ್ ಆಚೆ ಬಿಳಿ ಅಂಚು ಉಳಿದಿದೆ ಅಂತ. ಕಟ್ ಇಂಟು ಅಂದ್ರೆ ಕತ್ತರಿ ಡಿಸೈನ್ ಒಳಗೇ ಹೋಗಿದೆ. ಥಿನ್ ಅಂದ್ರೆ ಹಿಂದೆ ಕಾಗದದ ಒಂದು ಪದರ ಕಿತ್ತುಹೋಗಿದೆ. ಸ್ಪೇಸ್ ಫಿಲ್ಲರ್ ಅಂದ್ರೆ ಆಲ್ಬಮ್‌ನ ಖಾಲಿ ಜಾಗ ತುಂಬೋಕೆ ಮಾತ್ರ. ಮಿಂಟ್ ಮತ್ತೆ ಅನ್‌ಯೂಸ್ಡ್ ಎರಡೂ ಒಂದೇ ಅಂದ್ಕೋಬೇಡಿ, ಈ ಕಾಲದ ಬ್ರಿಟಿಷ್ ಸ್ಟ್ಯಾಂಪ್‌ಗಳಲ್ಲಿ ಮಿಂಟ್ ಅಂದ್ರೆ ಅಂಟು ಇರಬೇಕು, ಅನ್‌ಯೂಸ್ಡ್ ಅಂದ್ರೆ ಸೀಲು ಬಿದ್ದಿಲ್ಲ ಅಷ್ಟೇ, ಅಂಟು ಇರಲಿಕ್ಕಿಲ್ಲ, ಬೆಲೆ ಬಹಳ ಬೇರೆ. ಹಿಂಭಾಗದ ಫೋಟೋ ಕೇಳಿ. ಕಳಿಸಲ್ಲ ಅಂದ್ರೆ ಆ ಸ್ಟ್ಯಾಂಪ್ ಬಿಟ್ಟುಬಿಡಿ, ಮುಖ ಎಷ್ಟೇ ಚೆಂದ ಇರಲಿ. ಹೊರದೇಶದಿಂದ ತರಿಸೋದಾದ್ರೆ ಕಸ್ಟಮ್ಸ್ ಖರ್ಚು ಏನು ಬೀಳುತ್ತೆ ಅಂತ ಮುಂಚೆನೇ ವಿಚಾರಿಸ್ಕೊಳ್ಳಿ, ಅಗ್ಗದ ಲಾಟ್‌ಗೆ ಪೋಸ್ಟೇಜೇ ದುಬಾರಿ ಆಗುತ್ತೆ, ಹಾಗಾಗಿ ಸ್ನೇಹಿತರು ಸೇರಿ ಒಟ್ಟಿಗೆ ತರಿಸೋದು ಒಳ್ಳೇದು.

ಹಂತ 3: ಗುಂಪು ಮಾಡೋದು

ಇಲ್ಲಿ ತಾಳ್ಮೆ ಬೇಕು. ಸ್ಟ್ಯಾಂಪ್ ಕೈಗೆ ಬಂದಾಗ ಪ್ರಶ್ನೆಗಳನ್ನ ಇದೇ ಆರ್ಡರ್‌ನಲ್ಲಿ ಕೇಳಿ, ಮಧ್ಯೆ ಒಂದು ಬಿಟ್ರೂ ದಾರಿ ತಪ್ಪುತ್ತೆ.

ಮೇಲಿನ ಎರಡು ಮೂಲೆಲಿ ಏನಿದೆ? ನಕ್ಷತ್ರದ ಥರ ಹೂವು ಇದ್ದು ಕೆಳಗಿನ ಎರಡು ಮೂಲೆಲಿ ಮಾತ್ರ ಅಕ್ಷರ ಇದ್ರೆ ಅದು ಹಳೇ ಸರಣಿ, ಕಲೆಕ್ಟರ್‌ಗಳು ಸ್ಟಾರ್ಸ್ ಅಂತಾರೆ. ನಾಲ್ಕೂ ಮೂಲೆಲಿ ಅಕ್ಷರ ಇದ್ರೆ 1864ರಿಂದ ಈಚೆಗೆ ಬಂದಿದ್ದು.

ಅಂಚಲ್ಲಿ ಹಲ್ಲು ಇದೆಯಾ? ಶುರುವಿನಲ್ಲಿ ಪರ್ಫೊರೇಷನ್ ಇರಲೇ ಇಲ್ಲ, ಪೋಸ್ಟ್ ಆಫೀಸ್ ಗುಮಾಸ್ತರು ಕತ್ತರಿಲಿ ಕತ್ತರಿಸಿ ಕೊಡ್ತಿದ್ರು. ಹೆನ್ರಿ ಆರ್ಚರ್ ಅನ್ನೋರು ತೂತು ಹಾಕೋ ಮೆಷಿನ್ ಕಂಡುಹಿಡಿದ್ರು, ಸರ್ಕಾರ 1853ರಲ್ಲಿ ಅವರ ಹಕ್ಕನ್ನ 4,000 ಪೌಂಡ್ ಕೊಟ್ಟು ತಗೊಳ್ತು, 1854ರಿಂದ ಹಲ್ಲಿರೋ ಪೆನ್ನಿ ರೆಡ್ ಬಂತು. ಮೊದಲು 2 ಸೆಂಟಿಮೀಟರ್‌ಗೆ 16 ತೂತು ಇತ್ತು, ಅಷ್ಟು ಹತ್ತಿರ ಹತ್ತಿರ ಹಾಕಿದ್ದಕ್ಕೆ ಹಾಳೆ ತಾನಾಗೇ ಬಿಟ್ಕೊಳ್ತಿತ್ತು, ಹಾಗಾಗಿ 1855ರಲ್ಲಿ 14ಕ್ಕೆ ಇಳಿಸಿದ್ರು. ಗೇಜ್ ಮೇಲಿಟ್ಟು ನೋಡಿ, 14 ಬಂದ್ರೆ ಮಾಮೂಲಿ, 16 ಬಂದ್ರೆ ಬೇರೆ ಎತ್ತಿಡಿ.

ವಾಟರ್‌ಮಾರ್ಕ್ ಯಾವ ಕಿರೀಟ? 1855ರವರೆಗೆ ಸಣ್ಣ ಕಿರೀಟ, ಆ ವರ್ಷದಿಂದ ದೊಡ್ಡ ಕಿರೀಟ. 1855ರ ಸುಮಾರಲ್ಲಿ ಎರಡೂ ಕಲಸುಮೇಲೋಗರ ಆಗಿದೆ, ಸಣ್ಣ ಕಿರೀಟದಲ್ಲಿ 16 ಮತ್ತೆ 14, ದೊಡ್ಡ ಕಿರೀಟದಲ್ಲೂ 16 ಮತ್ತೆ 14, ಅದರ ಮೇಲೆ ಎರಡು ಡೈ ಬೇರೆ. ಈ ಎರಡು ಮೂರು ವರ್ಷಗಳನ್ನ ಬಿಡಿಸೋದೇ ಸ್ಟಾರ್ಸ್ ಸರಣಿಯಲ್ಲಿ ಅತಿ ಮಜಾ ಕೊಡೋ ಕೆಲಸ ಅಂತ ನನ್ನ ಅಭಿಪ್ರಾಯ. ಕಿರೀಟ ತಲೆಕೆಳಗಾಗಿದ್ರೆ ಅದನ್ನೂ ಬರೆದಿಡಿ, ಅದಕ್ಕೆ ಕ್ಯಾಟಲಾಗ್‌ನಲ್ಲಿ ಬೇರೆ ಬೆಲೆ ಇದೆ.

ಕಾಗದ ಯಾವ ಬಣ್ಣ? ಹಿಂದಿಂದ ನೋಡಿದಾಗ ನೀಲಿ ಛಾಯೆ ಇದ್ರೆ ಹಳೇದು, ಇಂಕಿನಲ್ಲಿದ್ದ ಪ್ರಷಿಯೇಟ್ ಆಫ್ ಪೊಟ್ಯಾಷ್ ಕಾಗದದ ಜೊತೆ ಸೇರಿ ಹಾಗಾಗಿದ್ದು. ಕೆಲವದ್ರಲ್ಲಿ ಹಿಂದೆ ರಾಣಿ ತಲೆ ಆಕಾರನೇ ಬೆಳ್ಳಗೆ ಉಳ್ಕೊಂಡಿರುತ್ತೆ, ಮುಖದ ಜಾಗದಲ್ಲಿ ಇಂಕು ಕಮ್ಮಿ ಇರೋದ್ರಿಂದ, ನೋಡೋಕೆ ತುಂಬಾ ಚೆಂದ. 1857ರಿಂದ ಕಾಗದ ಬೆಳ್ಳಗಾಯ್ತು, ಬಣ್ಣನೂ ಕಂದುಗೆಂಪಿಂದ ಗುಲಾಬಿಗೆಂಪಿಗೆ ಬಂತು.

ಕೊನೆಗೆ ಮುಖ. ಮೊದಲ ಡೈ ಸವೆದು ಮಂಕಾಗಿತ್ತು ಅಂತ ವಿಲಿಯಂ ಹಂಫ್ರೀಸ್ ಅನ್ನೋ ಕೆತ್ತನೆಗಾರರ ಕೈಲಿ ಅದನ್ನ ತಿದ್ದಿಸಿದ್ರು, 1855ರಿಂದ ಆ ಎರಡನೇ ಡೈ ಬಳಕೆಗೆ ಬಂತು. ಲೂಪ್ ಹಿಡಿದು ಕಣ್ಣು ನೋಡಿ, ಮೊದಲ ಡೈಯಲ್ಲಿ ತಿಳಿ ಗೆರೆಗಳು, ನೋಟ ಸಪ್ಪೆ, ಎರಡನೇದ್ರಲ್ಲಿ ಕಣ್ಣಿಗೆ ದಟ್ಟ ನೆರಳು ಬಂದು ಜೀವ ಬಂದಂಗಿರುತ್ತೆ. ತುಟಿ ದಪ್ಪ ಆಗಿದೆ, ಬಾಯಿಯ ಕೊನೇಲಿ ಕೆಳಗೆ ಎಳೆದ ಒಂದು ಗಟ್ಟಿ ಗೆರೆ ಇದೆ, ಕೆಳತುಟಿ ಮತ್ತೆ ಗಲ್ಲದ ಮಧ್ಯೆ ಆಳವಾದ ಗುಳಿ ಇದೆ. ಮೂಗಿನ ಹೊಳ್ಳೆನೂ ಸ್ಪಷ್ಟ. ಖಂಡಿತ ಗೊತ್ತಿರೋ ಮೊದಲ ಡೈ ಒಂದು, ಎರಡನೇ ಡೈ ಒಂದು ಪಕ್ಕಪಕ್ಕ ಇಟ್ಕೊಂಡು ಹೋಲಿಸಿ. ನೋಡ್ತಾ ನೋಡ್ತಾ ಲೂಪ್ ಇಲ್ಲದೆನೂ ಗೊತ್ತಾಗೋಕೆ ಶುರುವಾಗುತ್ತೆ, ಚೆವರ್ಟನ್ ಹೇಳಿದ್ದು ನಿಜ ಅಂತ ಆವಾಗ ಅನ್ಸುತ್ತೆ.

ಹಂತ 4: ಮೂಲೆಯ ಅಕ್ಷರ ಓದೋದು

ಒಂದು ಹಾಳೆಲಿ 240 ಸ್ಟ್ಯಾಂಪ್, 20 ಅಡ್ಡ ಸಾಲು, ಸಾಲಿಗೆ 12. ಈ ಲೆಕ್ಕ ಯಾಕೆ ಅಂದ್ರೆ ಆಗ 12 ಪೆನ್ನಿಗೆ ಒಂದು ಷಿಲಿಂಗ್, 240 ಪೆನ್ನಿಗೆ ಒಂದು ಪೌಂಡ್, ಒಂದು ಸಾಲು ಕೊಂಡ್ರೆ ಷಿಲಿಂಗ್, ಹಾಳೆ ಪೂರ್ತಿ ಕೊಂಡ್ರೆ ಪೌಂಡ್. ಹಾಳೆಯ ಅಂಚಲ್ಲೇ ಈ ಬೆಲೆ ಪ್ರಿಂಟ್ ಆಗಿರ್ತಿತ್ತು, ಜೊತೆಗೆ ಚೀಟಿಯನ್ನ ವಿಳಾಸದ ಮೇಲೆ ಬಲಗಡೆ ಹಚ್ಚಿ, ಹಿಂದೆ ಒದ್ದೆ ಮಾಡೋವಾಗ ಅಂಟು ಹೋಗದ ಹಾಗೆ ನೋಡ್ಕೊಳ್ಳಿ ಅಂತ ಸೂಚನೆನೂ ಇತ್ತು, ಯಾಕಂದ್ರೆ ಜನರಿಗೆ ಸ್ಟ್ಯಾಂಪ್ ಅಂದ್ರೇನು ಅಂತಲೇ ಗೊತ್ತಿರಲಿಲ್ಲ.

ಕೆಳಗೆ ಎಡಮೂಲೆಯ ಅಕ್ಷರ ಸಾಲು ಹೇಳುತ್ತೆ, ಎ ಇಂದ ಟಿ ವರೆಗೆ. ಬಲಮೂಲೆಯದು ಆ ಸಾಲಲ್ಲಿ ಎಷ್ಟನೇದು ಅಂತ ಹೇಳುತ್ತೆ, ಎ ಇಂದ ಎಲ್ ವರೆಗೆ. ಹಾಳೆಯ ಮೊದಲನೇದು ಎ-ಎ, ಕೊನೇದು ಟಿ-ಎಲ್. ನಾಲ್ಕು ಅಕ್ಷರದ ಸ್ಟ್ಯಾಂಪಲ್ಲಿ ಮೇಲಿನ ಎರಡು ಅಕ್ಷರ ಕೆಳಗಿನದ್ದರ ಉಲ್ಟಾ. ಸೀಲು ಬಿದ್ದ ಎರಡು ಸ್ಟ್ಯಾಂಪ್ ತಗೊಂಡು, ಸೀಲಿಲ್ಲದ ಭಾಗ ಕತ್ತರಿಸಿ ಜೋಡಿಸಿ ಮತ್ತೆ ಕಾಗದಕ್ಕೆ ಹಚ್ಚೋರು ಇದ್ರಂತೆ, ಅವರನ್ನ ತಡೆಯೋಕೆ ಈ ಏರ್ಪಾಡು, ಜೋಡಿಸಿದ್ರೆ ಮೇಲಿನ ಕೆಳಗಿನ ಅಕ್ಷರ ತಾಳೆ ಆಗಲ್ಲ.

ನನ್ನ ಹತ್ರ ಇರೋ ಒಂದನ್ನ ತಗೊಂಡು ಹೇಳ್ತೀನಿ. ಗುಲಾಬಿಗೆಂಪು, ಕೆಳಗೆ ಜೆ ಮತ್ತೆ ಸಿ, ಮೇಲೆ ಸಿ ಮತ್ತೆ ಜೆ. ಜೆ ಅಂದ್ರೆ ಹತ್ತನೇ ಸಾಲು, ಸಿ ಅಂದ್ರೆ ಮೂರನೇದು, ಹಾಳೆಯಲ್ಲಿ 111ನೇ ಜಾಗ. ಈಗ ಎಡ ಬಲ ಅಂಚಲ್ಲಿರೋ ಬಲೆಯಂಥ ಗೆರೆಗಳ ಮಧ್ಯೆ ಲೂಪ್ ಹಿಡಿದು ಹುಡುಕಿದ್ರೆ 148 ಅಂತ ಪುಟಾಣಿ ಅಂಕಿ, ಅದು ಪ್ಲೇಟ್ ನಂಬರ್, ಎರಡೂ ಕಡೆ ಇರುತ್ತೆ, ಒಂದು ಕಡೆ ಸೀಲಿನ ಕೆಳಗೆ ಮುಚ್ಚಿಹೋಗಿದ್ರೆ ಇನ್ನೊಂದು ಕಡೆ ನೋಡಿ. ಸೀಲಲ್ಲಿ 498 ಅಂತಿದೆ, ಅದು ಮ್ಯಾಂಚೆಸ್ಟರ್. ಕಾಲು ಭಾಗ ಹೋಗಿರೋ, ಯಾರೂ ಬೆಲೆ ಕಟ್ಟದ ಸ್ಟ್ಯಾಂಪು, ಆದ್ರೂ ಇಷ್ಟೆಲ್ಲ ಹೇಳುತ್ತೆ.

ಅಂಕಿ ಓದೋಕೆ ಸರಿಯಾದ ಬೆಳಕು ಬೇಕು. ಬೆಳಗಿನ ಕಿಟಕಿ ಬೆಳಕು ಒಂದು ಬದಿಯಿಂದ ಬಿದ್ರೆ ಒಳ್ಳೇದು, ಫೋನ್ ಕ್ಯಾಮೆರಾದಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ್ರೂ ಆಗುತ್ತೆ. 3 ಮತ್ತೆ 8, 1 ಮತ್ತೆ 7 ಮೋಸ ಮಾಡುತ್ತೆ, ಅನುಮಾನ ಇದ್ರೆ ಪೆನ್ಸಿಲಲ್ಲಿ ಪ್ರಶ್ನೆ ಗುರುತು ಹಾಕಿಡಿ.

ಪ್ಲೇಟ್‌ಗಳು 71ರಿಂದ 225ರವರೆಗೆ. ಅದರಲ್ಲಿ 75, 126, 128 ಬಳಸಲೇ ಇಲ್ಲ, ಹಾಗಾಗಿ ಒಟ್ಟು 152. 77 ಒಂದು ಬಿಟ್ಟು ಮಿಕ್ಕ 151 ಕೂಡಿಸೋದು ನಮ್ಮ ನಿಮ್ಮಂಥವರ ಕೈಗೆ ಎಟಕೋ ಗುರಿನೇ. 77 ಬೇರೆ ಕಥೆ. ಆ ಪ್ಲೇಟ್ ಪ್ರಿಂಟ್ ಸರಿ ಬರಲಿಲ್ಲ ಅಂತ ಬಿಟ್ಟುಬಿಟ್ರು, ಹೇಗೋ ಕೆಲವು ಮಾತ್ರ ಹೊರಗೆ ಬಂದ್ವು, ಉಳಿದಿರೋದು ಬೆರಳೆಣಿಕೆಯಷ್ಟು, ಬೆಲೆ ಲಕ್ಷಗಟ್ಟಲೆ ಪೌಂಡ್. 225 ಅಷ್ಟಲ್ಲ, ಆದ್ರೂ ಕೊನೇ ಪ್ಲೇಟ್ ಆದ್ದರಿಂದ ಕಮ್ಮಿ ಪ್ರಿಂಟ್ ಆಗಿ ದುಬಾರಿ.

ಇದಕ್ಕೂ ಮೊದಲಿನ 1841ರ ಹಲ್ಲಿಲ್ಲದ ಪೆನ್ನಿ ರೆಡ್‌ನಲ್ಲೂ 77 ಅನ್ನೋ ಬೇರೊಂದು ಪ್ಲೇಟ್ ಇದೆ, ಎರಡನ್ನೂ ಗೊಂದಲ ಮಾಡ್ಕೋಬೇಡಿ. ಅದರಲ್ಲಿ ಬಿ-ಎ ಜಾಗದ ಸ್ಟ್ಯಾಂಪಿಗೆ ಬಲಮೂಲೆಯ ಎ ಒತ್ತೋದೇ ಮರೆತುಹೋಗಿದ್ರು, ಅಲ್ಲಿ ಬಿ ಪಕ್ಕ ಖಾಲಿ ಚೌಕ. ಇದು ಸಾಧ್ಯ ಆಗಿದ್ದು ಅಕ್ಷರಗಳನ್ನ ಪ್ಲೇಟ್ ಮೇಲೆ ಒಂದೊಂದಾಗಿ ಕೈಯಿಂದ ಸುತ್ತಿಗೆ ಹೊಡೆದು ಒತ್ತುತ್ತಿದ್ದರಿಂದ. ರಾಣಿ ಚಿತ್ರ ರೋಲರ್‌ನಿಂದ 240 ಸಲ ಒಂದೇ ಥರ ಬರುತ್ತೆ, ಅಕ್ಷರ ಮಾತ್ರ ಒಂದು ಕಡೆ ಎಡಕ್ಕೆ ವಾಲಿರುತ್ತೆ, ಒಂದು ಕಡೆ ಮೇಲಕ್ಕೆ ಹೋಗಿರುತ್ತೆ, ಒಂದೊಂದು ಕಡೆ ತಪ್ಪು ಒತ್ತಿ ಮತ್ತೆ ಒತ್ತಿ ಎರಡೆರಡು ಕಾಣುತ್ತೆ. ಪ್ಲೇಟ್ ನಂಬರ್ ಇಲ್ಲದ ಸ್ಟಾರ್ಸ್ ಸರಣಿಯಲ್ಲೂ ಯಾವ ಪ್ಲೇಟ್ ಅಂತ ಹೇಳೋಕೆ ಆಗೋದು ಈ ಅಕ್ಷರಗಳ ಕೂತಿರೋ ರೀತಿಯಿಂದಲೇ. ಅದಕ್ಕೆ ಪ್ಲೇಟಿಂಗ್ ಅಂತಾರೆ, ವರ್ಷಗಟ್ಟಲೆ ಹಿಡಿಯೋ ಕೆಲಸ, ಮೊದಲ ವರ್ಷ ಕೈ ಹಾಕಬೇಡಿ. ಅದರ ಬದಲು ಎ-ಎ ಇಂದ ಟಿ-ಎಲ್ ವರೆಗೆ 240 ಜಾಗನೂ ಯಾವ ಪ್ಲೇಟಿಂದಾದ್ರೂ ಸರಿ ಅಂತ ತುಂಬಿಸೋಕೆ ಶುರು ಮಾಡಿ, ಮಕ್ಕಳನ್ನೂ ಜೊತೆಗೆ ಕೂರಿಸ್ಕೋಬಹುದು, ಅವರ ಕಣ್ಣು ನಮ್ಮದಕ್ಕಿಂತ ಚುರುಕು.

ಹಂತ 5: ಸೀಲು

ಪೆನ್ನಿ ಬ್ಲ್ಯಾಕ್ ಬಂದಾಗ ಹಾಕ್ತಿದ್ದ ಸೀಲು ಮಾಲ್ಟೀಸ್ ಕ್ರಾಸ್ ಅನ್ನೋ ಶಿಲುಬೆ ಆಕಾರದ್ದು, ಕೆಂಪು ಇಂಕು. ಕಪ್ಪು ಸ್ಟ್ಯಾಂಪ್ ಮೇಲೆ ಕೆಂಪು ಸೀಲು ಸರಿಯಾಗಿ ಕಾಣ್ತಿರಲಿಲ್ಲ, ಅದಕ್ಕಿಂತ ದೊಡ್ಡ ತಲೆನೋವು ಅಂದ್ರೆ ಜನ ಅದನ್ನ ತೊಳೆದು ಮತ್ತೆ ಬಳಸ್ತಿದ್ರು. ಅದಕ್ಕೇ 1841ರಲ್ಲಿ ಸ್ಟ್ಯಾಂಪ್ ಕೆಂಪಾಯ್ತು, ಸೀಲು ಕಪ್ಪಾಯ್ತು. ಮಾಲ್ಟೀಸ್ ಕ್ರಾಸ್ ಸೀಲುಗಳು ಕೈಯಲ್ಲಿ ಮಾಡಿದ್ದು, ಹಾಗಾಗಿ ಕೆಲವು ಊರಿನವು ನೋಡಿದ ತಕ್ಷಣ ಗೊತ್ತಾಗುತ್ತೆ. ಲಂಡನ್‌ನಲ್ಲಿ 1843ರಿಂದ ಮಧ್ಯೆ 1ರಿಂದ 12ರವರೆಗೆ ನಂಬರ್ ಇರೋ ಕ್ರಾಸ್ ಬಂತು, ಆ 12ನ್ನೂ ಕೂಡಿಸೋರಿದ್ದಾರೆ.

1844ರಿಂದ ನಂಬರ್ ಸೀಲು. ಇಂಗ್ಲೆಂಡ್ ವೇಲ್ಸ್‌ನದು ಮೊಟ್ಟೆ ಆಕಾರದ ಗೆರೆಗಳ ಮಧ್ಯೆ ಅಂಕಿ, ಸ್ಕಾಟ್‌ಲೆಂಡ್‌ದು ಚೌಕಾಕಾರದ ಗೆರೆಗಳು, ಐರ್ಲೆಂಡ್‌ದು ಡೈಮಂಡ್ ಆಕಾರ. ಆಕಾರ ನೋಡದೇ ಅಂಕಿ ಮಾತ್ರ ಓದಿದ್ರೆ ಊರು ತಪ್ಪಾಗುತ್ತೆ, ಒಂದೇ ನಂಬರ್ ಮೂರು ಕಡೆನೂ ಇರಬಹುದು. ಲಿವರ್‌ಪೂಲ್ 466, ಬ್ರಿಸ್ಟಲ್ 134, ಎಡಿನ್‌ಬರೋ 131, ಗ್ಲಾಸ್ಗೋ 159, ಡಬ್ಲಿನ್ 186, ಇವು ಜಾಸ್ತಿ ಸಿಗುತ್ತೆ. ಅಂಕಿ ಮುಂದೆ ಅಕ್ಷರ ಇದ್ರೆ ಹುಷಾರಾಗಿ, ಎ25 ಮಾಲ್ಟಾ, ಎ26 ಜಿಬ್ರಾಲ್ಟರ್, ಬಿ01 ಈಜಿಪ್ಟ್‌ನ ಅಲೆಕ್ಸಾಂಡ್ರಿಯಾ, ಸಿ51 ವೆಸ್ಟ್ ಇಂಡೀಸ್‌ನ ಸೇಂಟ್ ಥಾಮಸ್. ಬ್ರಿಟನ್ ಸ್ಟ್ಯಾಂಪೇ ಹೊರದೇಶದ ಪೋಸ್ಟ್ ಆಫೀಸಲ್ಲಿ ಬಳಸಿದ್ದು ಅದು. ಮಿಕ್ಸ್ ಲಾಟ್‌ನಲ್ಲಿ ಇಂಥದ್ದು ಮಾರಿದವರ ಕಣ್ತಪ್ಪಿಸಿ ಬಂದಿರುತ್ತೆ, ನಾನಂತೂ ಪ್ಲೇಟ್ ನಂಬರ್ ನೋಡೋಕೂ ಮುಂಚೆ ಸೀಲೇ ನೋಡೋದು.

ಹಾಗಂತ ಆಲ್ಬಮ್‌ಗೆ ಆರಿಸೋವಾಗ ರಾಣಿ ಮುಖದ ಮೇಲೆ ದಪ್ಪ ಮಸಿ ಮೆತ್ತಿರೋದು ಬೇಡ. ಸೀಲು ಪಕ್ಕಕ್ಕೆ ಬಿದ್ದು ಹಣೆ, ಮೂಗು, ಗಲ್ಲದ ಗೆರೆ ಬಿಡಿಸಿದಂಗೆ ಕಾಣೋದು ಸಿಗೋವರೆಗೂ ಕಾಯಿರಿ.

ಮತ್ತೆ ದಯವಿಟ್ಟು ಒಂದು ಮಾತು. ಹಳೇ ಕವರ್ ಅಥವಾ ಮಡಿಸಿದ ಕಾಗದದ ಮೇಲೆ ಸ್ಟ್ಯಾಂಪ್ ಇದ್ರೆ ಅದನ್ನ ಕತ್ತರಿಸಬೇಡಿ, ನೀರಲ್ಲಿ ನೆನೆಸಿ ಬಿಡಿಸಬೇಡಿ. ತಾರೀಕು, ಹೊರಟ ಊರು, ಸೇರಿದ ಊರು, ಯಾರು ಯಾರಿಗೆ ಬರೆದ್ರು ಅನ್ನೋದೆಲ್ಲ ಆ ಕಾಗದದಲ್ಲಿದೆ, ಒಂದು ಸಲ ಬಿಡಿಸಿದ್ರೆ ಅಷ್ಟೂ ಕಳೆದುಹೋಗುತ್ತೆ, ಬೆಲೆನೂ ಹೋಗುತ್ತೆ. ಬಿಡಿ ಸ್ಟ್ಯಾಂಪ್‌ಗಳಲ್ಲೂ 1880ರ ದಶಕದ ನೇರಳೆ, ಹಸಿರು ವಿಕ್ಟೋರಿಯಾಗಳನ್ನ ನೀರಿಗೆ ಹಾಕಲೇಬೇಡಿ, ತೊಳೆದು ಮರುಬಳಕೆ ಮಾಡಬಾರದು ಅಂತಲೇ ನೀರು ತಾಗಿದ್ರೆ ಬಿಡೋ ಇಂಕಲ್ಲಿ ಪ್ರಿಂಟ್ ಮಾಡಿದ್ದು ಅವು.

ಹಂತ 6: ಈಗ ಪೆನ್ನಿ ಬ್ಲ್ಯಾಕ್

ಕಣ್ಣು ಪಳಗಿದ ಮೇಲೆ ಬನ್ನಿ ಇಲ್ಲಿಗೆ. 1840ರ ಮೇ 1ಕ್ಕೆ ಮಾರಾಟಕ್ಕೆ ಬಂತು, ಬಳಸೋಕೆ ಅಧಿಕೃತವಾಗಿ ಮೇ 6ರಿಂದ. ಒಟ್ಟು 11 ಪ್ಲೇಟ್, ಅದರಲ್ಲಿ ಮೊದಲನೇದು ಬೇಗ ಸವೆದು ತಿದ್ದಿದ್ದರಿಂದ 1ಎ, 1ಬಿ ಅಂತ ಎರಡು ಲೆಕ್ಕ. 11ನೇದು ಕೆಂಪಿಗೆ ಅಂತ ಮಾಡಿದ ಪ್ಲೇಟ್, ಕಪ್ಪಲ್ಲಿ 700 ಹಾಳೆ ಮಾತ್ರ ಪ್ರಿಂಟ್ ಆಯ್ತು, ಹಾಗಾಗಿ ಅದೇ ಎಲ್ಲಕ್ಕಿಂತ ದುಬಾರಿ. ಯಾವ ಪ್ಲೇಟ್ ಅಂತ ಸ್ಟ್ಯಾಂಪ್ ಮೇಲೆ ಬರೆದಿರಲ್ಲ, ಅಕ್ಷರ ಕೂತಿರೋ ಜಾಗದಿಂದಲೇ ಹೇಳಬೇಕು, ಇಲ್ಲಿಗೆ ಪೆನ್ನಿ ರೆಡ್ ಅಭ್ಯಾಸ ಉಪಯೋಗಕ್ಕೆ ಬರುತ್ತೆ.

ದುಡ್ಡು ಹೋಗೋದು ಮಾರ್ಜಿನ್‌ಗೆ. ಹಾಳೆಲಿ ಸ್ಟ್ಯಾಂಪ್‌ಗಳ ಮಧ್ಯೆ ಇದ್ದ ಜಾಗ ತೀರಾ ಕಿರಿದು, ಅವಸರದಲ್ಲಿ ಕತ್ತರಿ ಹಾಕ್ತಿದ್ದ ಗುಮಾಸ್ತ ಒಂದಕ್ಕೆ ಪೂರ್ತಿ ಅಂಚು ಬಿಟ್ರೆ ಪಕ್ಕದ್ದಕ್ಕೆ ಉಳಿಯಲ್ಲ. ಬಜೆಟ್ ಕಮ್ಮಿ ಇದ್ರೆ ನನ್ನ ಸಲಹೆ, ಮೂರು ಕಡೆ ಒಳ್ಳೇ ಮಾರ್ಜಿನ್, ನಾಲ್ಕನೇ ಕಡೆ ಸ್ವಲ್ಪ ತಾಗಿದ್ದು, ಮುಖ ಸ್ಪಷ್ಟ, ಕೆಂಪು ಮಾಲ್ಟೀಸ್ ಕ್ರಾಸ್ ಇರೋದು ತಗೊಳ್ಳಿ. ನಾಲ್ಕು ಮಾರ್ಜಿನ್ ಇದೆ ಅಂತ ಹಿಂದೆ ಥಿನ್ ಆಗಿರೋ, ಮಡಿಕೆ ಬಿದ್ದಿರೋದಕ್ಕೆ ದುಡ್ಡು ಹಾಕೋದಕ್ಕಿಂತ ಇದು ವಾಸಿ.

ದುಡ್ಡು ಸ್ವಲ್ಪ ಇದ್ರೆ ಮ್ಯಾಚ್ಡ್ ಪೇರ್ ಅಂತ ಒಂದಿದೆ. 1ಬಿ, 2, 5, 8, 9, 10, 11 ಪ್ಲೇಟ್‌ಗಳಿಂದ ಮೊದಲು ಕಪ್ಪು, ಆಮೇಲೆ ಕೆಂಪು ಎರಡೂ ಪ್ರಿಂಟ್ ಮಾಡಿದ್ರು. ಒಂದೇ ಪ್ಲೇಟ್, ಒಂದೇ ಅಕ್ಷರದ ಕಪ್ಪು ಕೆಂಪು ಎರಡನ್ನೂ ಹುಡುಕಿ ಪಕ್ಕಪಕ್ಕ ಇಡೋದು. ಉಕ್ಕಿನ ಅದೇ ಜಾಗದಿಂದ ಎದ್ದ ಎರಡು ಸ್ಟ್ಯಾಂಪು, ಬೇರೆ ಬೇರೆ ಊರು ಸುತ್ತಿ ಒಂದೇ ಪುಟಕ್ಕೆ ಬಂದು ಸೇರೋದು ಅಂದ್ರೆ ಅದರ ಖುಷಿನೇ ಬೇರೆ.

ಜೊತೆಗಿನ ಎರಡು ಪೆನ್ಸ್ ನೀಲಿ ಸ್ಟ್ಯಾಂಪ್‌ಗೆ ಒಂದೇ ಪರೀಕ್ಷೆ ನೆನಪಿಡಿ: ಪೋಸ್ಟೇಜ್ ಅನ್ನೋ ಪದದ ಕೆಳಗೆ ಮತ್ತೆ ಬೆಲೆಯ ಮೇಲೆ ಬಿಳಿ ಗೆರೆ ಇಲ್ಲದಿದ್ರೆ 1840ರದ್ದು, ಇದ್ರೆ 1841ರಿಂದ ಈಚಿನದು. 1870ರ ಅರ್ಧ ಪೆನ್ನಿ ಗಾತ್ರದಲ್ಲಿ ಪುಟ್ಟದು, ಬ್ಯಾಂಟಮ್ ಅಂತಾರೆ, ಅದಕ್ಕೂ ಪ್ಲೇಟ್ ನಂಬರ್ ಇದೆ, 9 ಸಿಗೋದು ಕಷ್ಟ.

ಮೋಸ ಎಲ್ಲೆಲ್ಲಿ

ಪ್ಲೇಟ್ 77 ಸಿಕ್ತು ಅಂತ ಯಾರಾದ್ರೂ ತೋರಿಸಿದ್ರೆ ಅದು 177ರ ಮುಂದಿನ 1 ಕೆರೆದು ತೆಗೆದಿದ್ದು ಅಂತಲೇ ಅಂದ್ಕೊಂಡು ನೋಡೋಕೆ ಶುರು ಮಾಡಿ, ಬಲೆ ಗೆರೆಗಳು ಆ ಜಾಗದಲ್ಲಿ ಕಡಿದಿರುತ್ತೆ ಅಥವಾ ಕೈಯಲ್ಲಿ ಬರೆದಿರುತ್ತೆ. ಹಲ್ಲಿರೋ ಸ್ಟ್ಯಾಂಪಿನ ಹಲ್ಲು ಕತ್ತರಿಸಿ ಇಂಪರ್ಫ್ (ಹಲ್ಲಿಲ್ಲದ್ದು) ಅಂತ ಮಾರ್ತಾರೆ, ದೊಡ್ಡ ಕಿರೀಟ, ಬಿಳಿ ಕಾಗದ ಅಥವಾ ನಾಲ್ಕು ಮೂಲೆ ಅಕ್ಷರ ಇದ್ದೂ ಹಲ್ಲಿಲ್ಲ ಅಂದ್ರೆ ಅನುಮಾನ ಪಡಿ. ಹಳೇ ಪೆನ್ನಿ ರೆಡ್‌ಗೆ ಕೆಮಿಕಲ್ ಹಾಕಿ ಕಪ್ಪು ಮಾಡೋದೂ ಇದೆ, ಕಾಗದದ ನೀಲಿ ಛಾಯೆ ಅದನ್ನ ಬಿಟ್ಟುಕೊಡುತ್ತೆ, ಅಕ್ಷರಗಳೂ ಕಪ್ಪಿನ 11 ಪ್ಲೇಟ್‌ಗೆ ತಾಳೆ ಆಗಲ್ಲ. ಮಾರ್ಜಿನ್ ಅಂಟಿಸಿದ್ದು ಹಿಂದಿಂದ ಬೆಳಕಿಗೆ ಹಿಡಿದ್ರೆ ಅಥವಾ ಫ್ಲೂಯಿಡ್ ಹಾಕಿದ್ರೆ ಜೋಡಣೆ ಗೆರೆ ತೋರಿಸುತ್ತೆ. ಸೀಲು ತೊಳೆದು ಅನ್‌ಯೂಸ್ಡ್ ಮಾಡಿದ್ದು ಅಲ್ಟ್ರಾವೈಲೆಟ್ ಲೈಟ್ ಕೆಳಗೆ ಮಂಕಾಗಿ ಎದ್ದು ಕಾಣಬಹುದು. ಇನ್ನು ನೆನಪಿನ ಕಾಣಿಕೆ ಅಂತ ಪ್ರಿಂಟ್ ಮಾಡಿದ ಪೆನ್ನಿ ಬ್ಲ್ಯಾಕ್ ಪ್ರತಿಗಳಂತೂ ಬೇಕಾದಷ್ಟಿವೆ, ಕಿರೀಟದ ವಾಟರ್‌ಮಾರ್ಕ್ ಇರಲ್ಲ, ಕೆತ್ತನೆ ಪ್ರಿಂಟಿನಲ್ಲಿ ಇಂಕು ಕಾಗದದ ಮೇಲೆ ಉಬ್ಬಿ ನಿಂತಿರುತ್ತಲ್ಲ, ಅದೂ ಇರಲ್ಲ.

ದುಬಾರಿ ಸ್ಟ್ಯಾಂಪ್ ಆದ್ರೆ ಅಸಲಿ ಅಂತ ತಜ್ಞರು ಕೊಟ್ಟ ಸರ್ಟಿಫಿಕೇಟ್ ಇರೋದನ್ನೇ ತಗೊಳ್ಳಿ. ಲಂಡನ್‌ನ ರಾಯಲ್ ಫಿಲಾಟೆಲಿಕ್ ಸೊಸೈಟಿಯದ್ದೋ ಬಿಪಿಎ ಸಂಸ್ಥೆಯದ್ದೋ ಆದ್ರೆ ಎಲ್ರೂ ಒಪ್ತಾರೆ. ಸರ್ಟಿಫಿಕೇಟ್‌ನಲ್ಲಿರೋ ಫೋಟೋ ಮತ್ತೆ ಕೈಲಿರೋ ಸ್ಟ್ಯಾಂಪ್ ಒಂದೇನಾ ಅಂತ ಮಾರ್ಜಿನ್ ಆಕಾರ, ಸೀಲು ಬಿದ್ದ ಜಾಗ ಹೋಲಿಸಿ ನೋಡಿ.

ನಮ್ಮ ಕಡೆ ಸಿಗೋ ವಿಕ್ಟೋರಿಯಾ

ಲಂಡನ್ ಲಾಟ್ ಬರೋವರೆಗೂ ಸುಮ್ಮನೆ ಕೂರಬೇಕಿಲ್ಲ. 1854ರ ಅಕ್ಟೋಬರ್ 1ರಿಂದ ನಮ್ಮ ದೇಶದ ಸ್ಟ್ಯಾಂಪ್‌ಗಳ ಮೇಲೂ ಇದೇ ರಾಣಿ. ಮೊದಲಿನವು ಕಲ್ಕತ್ತಾದಲ್ಲೇ ಪ್ರಿಂಟ್ ಆದವು, ಕ್ಯಾಪ್ಟನ್ ಥೂಲಿಯರ್ ಸರ್ವೇಯರ್ ಜನರಲ್ ಆಫೀಸಲ್ಲಿ ಕಲ್ಲಚ್ಚಿನಲ್ಲಿ ಮಾಡಿಸಿದ ಅರ್ಧ ಆಣೆ ನೀಲಿ, ಒಂದು ಆಣೆ ಕೆಂಪು, ಮತ್ತೆ ಎರಡು ಬಣ್ಣದ ನಾಲ್ಕು ಆಣೆ. ಆ ನಾಲ್ಕು ಆಣೆಗೆ ಚೌಕಟ್ಟು ಬೇರೆ ತಲೆ ಬೇರೆ ಪ್ರಿಂಟ್ ಮಾಡ್ತಿದ್ರು, ಹಾಗಾಗಿ ಕೆಲವದ್ರಲ್ಲಿ ರಾಣಿ ತಲೆಕೆಳಗಾಗಿ ಬಂತು, ಪ್ರಪಂಚದ ಪ್ರಸಿದ್ಧ ತಪ್ಪುಗಳಲ್ಲಿ ಅದೂ ಒಂದು. ಆಮೇಲಿನವು ಲಂಡನ್‌ನ ಡಿ ಲಾ ರೂ ಪ್ರಿಂಟ್, ಅವು ಇಲ್ಲಿ ಸುಲಭವಾಗಿ ಸಿಗುತ್ತೆ. ಈಸ್ಟ್ ಇಂಡಿಯಾ ಅಂತಿದ್ರೆ 1882ಕ್ಕೆ ಹಿಂದಿನದು, ಬರೀ ಇಂಡಿಯಾ ಅಂತಿದ್ರೆ ಈಚಿನದು. ವಾಟರ್‌ಮಾರ್ಕ್ ಇಲ್ಲದಿದ್ರೆ ಹಳೇದು, ಆನೆ ತಲೆ ಇದ್ರೆ 1865ರಿಂದ, ನಕ್ಷತ್ರ ಇದ್ರೆ 1882ರಿಂದ. ಆನೆ ತಲೆ ವಾಟರ್‌ಮಾರ್ಕ್ ಹುಡುಕೋದು ಒಳ್ಳೇ ಅಭ್ಯಾಸ, ಅರ್ಧ ಆಣೆ ನೀಲಿಯಿಂದ ಶುರು ಮಾಡಿ.

ಮೈಸೂರು ಸೀಮೆಯವರಿಗೆ ಒಂದು ಮಾತು: ಮೈಸೂರು ಅಂಚೆ ಸ್ವಂತ ಸ್ಟ್ಯಾಂಪ್ ತರಲೇ ಇಲ್ಲ, 1889ರಲ್ಲಿ ಬ್ರಿಟಿಷ್ ಅಂಚೆ ಜೊತೆ ಸೇರ್ಕೊಂಡ್ತು. ಹಾಗಾಗಿ ಮೈಸೂರು ಮಹಾರಾಜರ ಮುಖದ ಹಳೇ ಅಂಚೆಚೀಟಿ ಅಂತ ಯಾರಾದ್ರೂ ಮಾರೋಕೆ ಬಂದ್ರೆ ಅದು ಕೋರ್ಟ್ ಫೀ ಅಥವಾ ರೆವಿನ್ಯೂ ಸ್ಟ್ಯಾಂಪ್ ಇರಬಹುದು, ಕೇಳಿ ತಗೊಳ್ಳಿ. ಕಲಬುರಗಿ, ರಾಯಚೂರು, ಬೀದರ್ ಕಡೆ ಮನೆಗಳಲ್ಲಿ ಹಳೇ ಕಾಗದ ಇದ್ರೆ ನಿಜಾಮರ ಹೈದರಾಬಾದ್ ಸ್ಟ್ಯಾಂಪ್ ಸಿಗುತ್ತೆ, ಅದು ಬೇರೆ ಲೋಕ. ಕರ್ನಾಪೆಕ್ಸ್ ಥರ ಸ್ಟ್ಯಾಂಪ್ ಪ್ರದರ್ಶನ ನಡೆದಾಗ ಡೀಲರ್‌ಗಳ ಟೇಬಲ್ ಮುಂದೆ ಲೂಪ್ ಹಿಡ್ಕೊಂಡು ಕೂತ್ಕೊಳ್ಳಿ, ಹಿರಿಯ ಕಲೆಕ್ಟರ್‌ಗಳು ಬಂದಿರ್ತಾರೆ, ಕೇಳಿದ್ರೆ ಮನಸಾರೆ ಹೇಳ್ಕೊಡ್ತಾರೆ.

ಇಡೋದು, ಬರೆದಿಡೋದು

ನಮ್ಮ ಹವೆಗೆ ತಕ್ಕ ಹಾಗೆ ನೋಡ್ಕೋಬೇಕು. ಕರಾವಳಿ, ಮಲೆನಾಡಲ್ಲಿ ಮಳೆಗಾಲ ಬಂತು ಅಂದ್ರೆ ಕಾಗದಕ್ಕೆ ಕಂದು ಚುಕ್ಕೆ ಬರುತ್ತೆ, ಬಂದ್ರೆ ಪಕ್ಕದ್ದಕ್ಕೂ ಹರಡುತ್ತೆ. ಸ್ಟಾಕ್‌ಬುಕ್ ಮಲಗಿಸಬೇಡಿ, ನಿಲ್ಲಿಸಿಡಿ, ಪುಟಗಳ ಮಧ್ಯೆ ಗಾಳಿ ಆಡಲಿ. ಸಿಲಿಕಾ ಜೆಲ್ ಪೊಟ್ಟಣ ಕಪಾಟಿನಲ್ಲಿಡಿ, ಕಾಲಕಾಲಕ್ಕೆ ಬದಲಾಯಿಸಿ. ಪಿವಿಸಿ ಪ್ಲಾಸ್ಟಿಕ್ ಕವರ್, ಸೆಲ್ಲೋಟೇಪ್, ಫೆವಿಕಾಲ್ ಹತ್ರಕ್ಕೂ ಬರಬಾರದು. ಅಂಟಿರೋ ಮಿಂಟ್‌ಗೆ ಮೌಂಟ್ (ಸ್ಟ್ಯಾಂಪ್ ಒಳಗಿಡೋ ಪಾರದರ್ಶಕ ಕವಚ), ಯೂಸ್ಡ್‌ಗೆ ಒಳ್ಳೇ ಹಿಂಜ್ (ಸ್ಟ್ಯಾಂಪನ್ನ ಪುಟಕ್ಕೆ ಹಚ್ಚೋ ಪುಟ್ಟ ಕಾಗದದ ಪಟ್ಟಿ) ಸಾಕು.

ಸ್ಟ್ಯಾಂಪ್ ಹಿಂದೆ ಏನೂ ಬರೀಬೇಡಿ. ಕೆಳಗೆ ಪುಟದಲ್ಲಿ ಪೆನ್ಸಿಲಿಂದ ಅಕ್ಷರ, ಪ್ಲೇಟ್, ಡೈ, ಪರ್ಫ್, ವಾಟರ್‌ಮಾರ್ಕ್, ಸೀಲಿನ ಊರು, ಕೊಂಡ ತಾರೀಕು, ಕೊಟ್ಟ ದುಡ್ಡು ಇಷ್ಟು ಬರೆದ್ರೆ ಆಯ್ತು. ಇನ್ನೂ ಸಿಗದ ಪ್ಲೇಟ್‌ಗಳ ಪಟ್ಟಿ ಫೋನ್‌ನಲ್ಲಿರಲಿ, ಡೀಲರ್ ಎದುರು ನಿಂತಾಗ ಇರೋದನ್ನೇ ಮತ್ತೆ ಕೊಳ್ಳೋದು ತಪ್ಪುತ್ತೆ. 71ರಿಂದ ಶುರು ಮಾಡಿ ಸಿಕ್ಕಿದ್ದನ್ನ ಹೊಡೆದು ಹಾಕ್ತಾ ಹೋಗಿ, 225ನ್ನ ಕೊನೆಗೆ ಇಟ್ಕೊಳ್ಳಿ, ಅದಕ್ಕೆ ಮಾತ್ರ ಮಾರ್ಜಿನ್, ಸೀಲು, ಹಿಂಭಾಗ ಎಲ್ಲಾ ನೋಡಿ, ಪ್ಲೇಟ್ ನಂಬರ್ ಎರಡೂ ಕಡೆ ಓದಿ ಆಮೇಲೆ ದುಡ್ಡು ಕೊಡಿ.